ಲ್ಯಾಪ್‌ಟಾಪ್‌ನಲ್ಲಿ ಹೋಸ್ಟ್ ಕೀ ಬದಲಾಗಿದೆ ಅನ್ನುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಏನೂ ಇಲ್ಲ. ಆ ಸಾಲು ಅಳಿಸಿಬಿಡಲಾ?

ರಾತ್ರಿ_ಬ್ಯಾಕಪ್ ಕೇಳಿದ್ದು:

ನಮಸ್ಕಾರ. ನನ್ನದು ಡೇಟಾ ಕೆಲಸ, ಸರ್ವರ್ ನೋಡಿಕೊಳ್ಳುವವರು ಬೇರೆ. ಆದರೆ ದಿನಾ ಒಂದು ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಹೋಗುವ ದಾರಿ) ಲಾಗಿನ್ ಆಗುತ್ತೇನೆ. ಅದರ ಹೆಸರು ಇಲ್ಲಿಗೆ ‘ಭಂಡಾರ’ ಅಂತ ಇರಲಿ. ರಾತ್ರಿ 2 ಗಂಟೆಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಕ್ರಿಪ್ಟ್ ಓಡಿ, ಅವತ್ತಿನ ಫೈಲುಗಳನ್ನೆಲ್ಲ ಆರ್‌ಸಿಂಕ್ ಅನ್ನುವ ಫೈಲು ನಕಲಿಸುವ ಟೂಲ್ ಮೂಲಕ ಭಂಡಾರಕ್ಕೆ ಕಳಿಸುತ್ತದೆ.

ಇವತ್ತು ಬೆಳಿಗ್ಗೆ ನೋಡಿದರೆ ಸ್ಕ್ರಿಪ್ಟ್ ನಿಂತಿದೆ. ಲಾಗ್‌ನ ಕೊನೆಗೆ ‘ಹೋಸ್ಟ್ ಕೀ ವೆರಿಫಿಕೇಶನ್ ಫೇಲ್ಡ್’ ಅಂತಿದೆ. ನಾನೇ ಲಾಗಿನ್ ಆಗಲು ಹೋದರೆ ತೆರೆ ತುಂಬಾ ಅಟ್ ಚಿಹ್ನೆಗಳ ಸಾಲು, ನಡುವೆ ದೊಡ್ಡ ಅಕ್ಷರದಲ್ಲಿ ‘ವಾರ್ನಿಂಗ್: ರಿಮೋಟ್ ಹೋಸ್ಟ್ ಐಡೆಂಟಿಫಿಕೇಶನ್ ಹ್ಯಾಸ್ ಚೇಂಜ್ಡ್’. ಯಾರೋ ನಡುವೆ ಕೂತು ಕದ್ದು ಕೇಳುತ್ತಿರಬಹುದು ಅಂತಲೂ ಹೇಳುತ್ತದೆ, ಹೋಸ್ಟ್ ಕೀ ಸುಮ್ನೆ ಬದಲಾಗಿರಬಹುದು ಅಂತಲೂ ಹೇಳುತ್ತದೆ. ಹಿಂದೆ ನೋಡಿದ ಸರ್ವರ್‌ಗಳ ಕೀ ಬರೆದಿಟ್ಟಿರುವ ನೋನ್_ಹೋಸ್ಟ್ಸ್ ಫೈಲಿನ 14ನೇ ಸಾಲಿಗೆ ತಾಳೆ ಆಗುತ್ತಿಲ್ಲ ಅಂತ ತೋರಿಸುತ್ತದೆ.

ಟೀಮಿನಲ್ಲಿ ಕೇಳಿದೆ. ಒಬ್ಬರು, “ಹೋದ ವಾರ ಭಂಡಾರವನ್ನು ಹೊಸ ಹಾರ್ಡ್‌ವೇರ್‌ಗೆ ಹಾಕಿದರಲ್ಲ, ಅದಕ್ಕೇ. 14ನೇ ಸಾಲು ಅಳಿಸು” ಅಂದರು. ಇನ್ನೊಬ್ಬರು ಕಾನ್ಫಿಗ್‌ಗೆ ಹಾಕಲು ಎರಡು ಸಾಲು ಕಳಿಸಿದರು: ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ‘ನೋ’, ಯೂಸರ್‌ನೋನ್‌ಹೋಸ್ಟ್ಸ್‌ಫೈಲ್ ‘ಡೆವ್ ನಲ್’. ಅಂದರೆ ಕೀ ತಪಾಸಣೆ ಬೇಡ, ಕೀಗಳನ್ನು ಎಲ್ಲೂ ಉಳಿಸಿಡುವುದೂ ಬೇಡ. ಇದನ್ನು ಹಾಕಿದರೆ ಇನ್ನು ಯಾವತ್ತೂ ಈ ಕಾಟ ಇರುವುದಿಲ್ಲವಂತೆ.

ಎರಡನ್ನೂ ಇನ್ನೂ ಮಾಡಿಲ್ಲ. ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ನನ್ನ ಡೆಸ್ಕ್‌ಟಾಪ್‌ನಿಂದ ಅದೇ ಭಂಡಾರಕ್ಕೆ ಹೋದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸೀದಾ ಒಳಗೆ ಹೋಗುತ್ತದೆ. ಸರ್ವರ್‌ನ ಕೀ ಬದಲಾಗಿದ್ದರೆ ಎರಡೂ ಕಡೆ ಹೇಳಬೇಕಿತ್ತು ಅಲ್ವಾ?

ಅದಕ್ಕಿಂತ ಮೊದಲು, ಇದು ನಿಜವಾಗಿ ನನ್ನ ಸರ್ವರ್ ಅಂತ ಎಸ್‌ಎಸ್‌ಎಚ್‌ಗೆ ಗೊತ್ತಾಗುವುದಾದರೂ ಹೇಗೆ? ಬ್ರೌಸರ್‌ನಲ್ಲಾದರೆ ಸರ್ಟಿಫಿಕೇಟ್ ಇರುತ್ತದೆ. ಇಲ್ಲಿ ಮೊದಲ ದಿನ ‘ಯೆಸ್’ ಅಂತ ಟೈಪ್ ಮಾಡಿದ್ದು ಬಿಟ್ಟರೆ ನಾನು ಬೇರೇನೂ ಮಾಡಿಲ್ಲ.

ಬೇಗ_ಬೇಗ:

ಇದು ಎಲ್ಲರಿಗೂ ಬರುವ ಸಮಸ್ಯೆ. ಸರ್ವರ್ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಹೋಸ್ಟ್ ಕೀ ಹೊಸದಾಗುತ್ತದೆ. ಎಸ್‌ಎಸ್‌ಎಚ್-ಕೀಗೆನ್‌ಗೆ ದೊಡ್ಡ ಆರ್ ಆಯ್ಕೆ ಕೊಟ್ಟು, ಮುಂದೆ ಸರ್ವರ್ ಹೆಸರು ಹಾಕಿ. ಹಳೇ ಸಾಲು ಹೋಗುತ್ತದೆ. ಮತ್ತೆ ಲಾಗಿನ್ ಆಗಿ ಯೆಸ್ ಅನ್ನಿ. ನನಗೆ ವಾರಕ್ಕೊಂದು ಸಲವಾದರೂ ಬರುತ್ತದೆ.

ಹಳೇ_ಟರ್ಮಿನಲ್:

@ರಾತ್ರಿ_ಬ್ಯಾಕಪ್, ದಯವಿಟ್ಟು ಈಗಲೇ ಏನನ್ನೂ ಅಳಿಸಬೇಡಿ. ಡೆಸ್ಕ್‌ಟಾಪ್ ಯಾಕೆ ಸುಮ್ಮನಿದೆ ಅನ್ನುವ ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಅರ್ಧ ಇದೆ. @ಬೇಗ_ಬೇಗ ಹೇಳಿದ ಆಜ್ಞೆ ಸರಿಯಾಗಿಯೇ ಇದೆ. ಆದರೆ ಅದು ಕಾರಣ ಗೊತ್ತಾದ ಮೇಲೆ ಹೊಡೆಯಬೇಕಾದ ಆಜ್ಞೆ.

ನಾನು ಬಹಳ ಕಾಲದಿಂದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ನನ್ನ ಪ್ರಕಾರ ಎಸ್‌ಎಸ್‌ಎಚ್‌ನಲ್ಲಿ ಜನ ಅತಿ ಹೆಚ್ಚು ಬಳಸುವ, ಅತಿ ಕಡಿಮೆ ಓದುವ ಭಾಗ ಇದು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ಮೊದಲ ಸಲ ಶುರುವಾಗುವಾಗ ಅದಕ್ಕೇ ಅಂತ ಕೀ ಜೋಡಿಗಳು ಹುಟ್ಟುತ್ತವೆ. ಈಗ ಜಾಸ್ತಿ ಬಳಕೆಯಲ್ಲಿರುವುದು ಇಡಿ25519 ಅನ್ನುವ ಜಾತಿಯ ಕೀ. ಜೊತೆಗೆ ಇಸಿಡಿಎಸ್‌ಎ, ಆರ್‌ಎಸ್‌ಎ ಕೀಗಳೂ ಇರುತ್ತವೆ. ಇವು ಈಟಿಸಿ ಒಳಗಿನ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಕೂತಿರುತ್ತವೆ. ಪ್ರೈವೇಟ್ ಕೀಯನ್ನು ರೂಟ್ (ಸರ್ವರ್‌ನ ಪೂರ್ತಿ ಅಧಿಕಾರ ಇರುವ ಯೂಸರ್) ಬಿಟ್ಟು ಯಾರೂ ಓದುವ ಹಾಗಿಲ್ಲ. ಪಬ್ಲಿಕ್ ಕೀಯನ್ನು ಕೇಳಿದವರಿಗೆಲ್ಲ ಕೊಡುತ್ತದೆ. ಇವೇ ಹೋಸ್ಟ್ ಕೀಗಳು. ನೀವು ಲಾಗಿನ್ ಆಗಲು ಬಳಸುವ ನಿಮ್ಮ ಸ್ವಂತ ಕೀಗೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮದು ನೀವು ಯಾರು ಅಂತ ಸರ್ವರ್‌ಗೆ ಹೇಳುತ್ತದೆ, ಇದು ಸರ್ವರ್ ಯಾರು ಅಂತ ನಿಮಗೆ ಹೇಳುತ್ತದೆ.

ನೀವು ಕನೆಕ್ಟ್ ಆದಾಗ, ಪಾಸ್‌ವರ್ಡ್ ಕೇಳುವುದಕ್ಕೂ ಮೊದಲು, ಎರಡೂ ಕಡೆಯವರು ಸೇರಿ ಆ ಒಂದು ಸೆಷನ್‌ಗೆ ಮಾತ್ರ ಅನ್ವಯಿಸುವ ಗುಟ್ಟೊಂದನ್ನು ಮಾಡಿಕೊಳ್ಳುತ್ತಾರೆ. ಆಮೇಲೆ ಅಲ್ಲಿವರೆಗೆ ನಡೆದ ಮಾತುಕತೆಯ ಹ್ಯಾಶ್ (ಅಷ್ಟನ್ನೂ ಸೇರಿಸಿ ಲೆಕ್ಕ ಹಾಕಿದ ಚಿಕ್ಕ ಗುರುತು) ತೆಗೆಯುತ್ತಾರೆ: ಎರಡೂ ಕಡೆಯ ವರ್ಷನ್ ಸಾಲು, ಯಾವ ಆಲ್ಗಾರಿದಮ್ ಬೇಕು ಅಂತ ಕಳಿಸಿದ ಪಟ್ಟಿ, ಸರ್ವರ್‌ನ ಪಬ್ಲಿಕ್ ಹೋಸ್ಟ್ ಕೀ, ಇಬ್ಬರೂ ಹೊಸದಾಗಿ ಕಳಿಸಿಕೊಂಡ ಸಂಖ್ಯೆಗಳು, ಹುಟ್ಟಿದ ಗುಟ್ಟು, ಎಲ್ಲವೂ ಆ ಹ್ಯಾಶ್‌ನಲ್ಲಿ ಸೇರುತ್ತವೆ. ಸರ್ವರ್ ತನ್ನ ಪ್ರೈವೇಟ್ ಹೋಸ್ಟ್ ಕೀಯಿಂದ ಅದಕ್ಕೆ ಸಹಿ ಹಾಕುತ್ತದೆ. ನಿಮ್ಮ ಲ್ಯಾಪ್‌ಟಾಪ್ ಆ ಸಹಿಯನ್ನು ಪಬ್ಲಿಕ್ ಕೀ ಇಟ್ಟು ಪರೀಕ್ಷಿಸುತ್ತದೆ. ಪ್ರತಿ ಸಲ ಸಂಖ್ಯೆಗಳು ಹೊಸವು. ಹಾಗಾಗಿ ನಿನ್ನೆಯ ಸಹಿಯನ್ನು ರೆಕಾರ್ಡ್ ಮಾಡಿಕೊಂಡು ಇವತ್ತು ತೋರಿಸಲು ಯಾರಿಗೂ ಆಗುವುದಿಲ್ಲ.

ಇಷ್ಟರಿಂದ ಗೊತ್ತಾಗುವುದು ಒಂದೇ ವಿಷಯ. ಆ ಕಡೆ ಇರುವವರ ಕೈಯಲ್ಲಿ ಈ ಪಬ್ಲಿಕ್ ಕೀಗೆ ಸರಿಹೊಂದುವ ಪ್ರೈವೇಟ್ ಕೀ ಇದೆ. ಆ ಪಬ್ಲಿಕ್ ಕೀ ನಿಮ್ಮ ಭಂಡಾರದ್ದೇ ಅಂತ ಮಾತ್ರ ಗೊತ್ತಾಗುವುದಿಲ್ಲ. ಯಾರು ಬೇಕಾದರೂ ತಮ್ಮದೊಂದು ಜೋಡಿ ಹುಟ್ಟಿಸಿಕೊಂಡು, ಚೆನ್ನಾಗಿ ಸಹಿ ಹಾಕಿ, ನಾನೇ ಭಂಡಾರ ಅನ್ನಬಹುದು. ಗಣಿತ ಅದನ್ನು ತಡೆಯುವುದಿಲ್ಲ.

ಅಲ್ಲಿಂದ ಮುಂದಿನ ಕೆಲಸ ನೋನ್_ಹೋಸ್ಟ್ಸ್ ಫೈಲಿನದು. ಮೊದಲ ಸಲ ನೀವು ‘ಯೆಸ್’ ಅಂದಾಗ ಹೆಸರು ಮತ್ತು ಕೀ ಎರಡನ್ನೂ ಒಂದೇ ಸಾಲಲ್ಲಿ ಬರೆದಿಡುತ್ತದೆ. ಆಮೇಲೆ ಪ್ರತಿ ಸಲ ಬಂದ ಕೀಯನ್ನು ಆ ಸಾಲಿಗೆ ತಾಳೆ ನೋಡುತ್ತದೆ. ಎಸ್‌ಎಸ್‌ಎಚ್‌ನ ಎರಡನೇ ಆವೃತ್ತಿಗೆ 2006ರಲ್ಲಿ ಬಂದ ಆರ್‌ಎಫ್‌ಸಿ 4251 ಅನ್ನುವ ಇಂಟರ್ನೆಟ್ ಮಾನದಂಡದ ದಾಖಲೆ ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತದೆ: ಒಂದೋ ಕ್ಲೈಂಟ್ ತನ್ನದೇ ಪಟ್ಟಿ ಇಟ್ಟುಕೊಳ್ಳಬೇಕು, ಇಲ್ಲವೇ ಕೀಗಳಿಗೆ ಸಹಿ ಹಾಕಿ ಖಾತ್ರಿ ಕೊಡುವ, ನಂಬಿಕೆಯ ಸರ್ಟಿಫಿಕೇಟ್ ಅಥಾರಿಟಿ ಇರಬೇಕು. ಮೊದಲ ಸಲ ತಾಳೆ ನೋಡದೆ ಮುಂದೆ ಹೋಗುವ ಅವಕಾಶವನ್ನೂ ಅದರಲ್ಲಿ ಬಿಟ್ಟಿದ್ದಾರೆ. ಹೀಗೆ ಬಿಟ್ಟಿದ್ದರಿಂದಲೇ ಎಸ್‌ಎಸ್‌ಎಚ್ ಇಷ್ಟು ಬೇಗ ಎಲ್ಲ ಕಡೆ ಹರಡಿತು ಅಂತ ನನ್ನ ಅಭಿಪ್ರಾಯ. 1995ರಲ್ಲಿ ಟಾಟು ಯ್ಲೋನೆನ್ ಇದನ್ನು ಬರೆದಾಗ ಹೆಲ್ಸಿಂಕಿಯ ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದಿಯುವ ದಾಳಿ ನಡೆದಿತ್ತು. ಹಳೇ ಲಾಗಿನ್ ಪ್ರೋಗ್ರಾಂ ಟೆಲ್‌ನೆಟ್‌ನ ಪಾಸ್‌ವರ್ಡ್‌ಗಳು ತಂತಿಯಲ್ಲಿ ಬೆತ್ತಲಾಗಿ ಹೋಗುತ್ತಿದ್ದ ಕಾಲ ಅದು. ಪ್ರತಿ ಸರ್ವರ್‌ಗೂ ಸರ್ಟಿಫಿಕೇಟ್ ಮಾಡಿಸಿ ಅಂದಿದ್ದರೆ ಯಾರೂ ಬಳಸುತ್ತಿರಲಿಲ್ಲ.

ಹಾಗಾದರೆ ಆ ಮೊದಲ ‘ಯೆಸ್’ ಏನು? ತೆರೆಯ ಮೇಲೆ ಎಸ್‌ಎಚ್‌ಎ256 ಅಂತ ಶುರುವಾಗಿ, ಒಂದು ಕೋಲನ್ ಆಗಿ, ಮುಂದೆ 43 ಅಕ್ಷರ ಬರುತ್ತವಲ್ಲ, ಅದು ಕೀಯ ಫಿಂಗರ್‌ಪ್ರಿಂಟ್. ಇದು ಸರಿಯಾ ಅಂತ ಎಸ್‌ಎಸ್‌ಎಚ್ ನಿಮ್ಮನ್ನು ಕೇಳುತ್ತಿದೆ. ಅದಕ್ಕೆ ಗೊತ್ತಿಲ್ಲದ್ದರಿಂದಲೇ ಕೇಳುತ್ತಿದೆ. ಉತ್ತರ ಬೇರೆ ದಾರಿಯಿಂದ ಬರಬೇಕು, ಅದೇ ಕನೆಕ್ಷನ್‌ನಿಂದ ಅಲ್ಲ. ಸರ್ವರ್ ಮುಂದೆ ಕೂತಿರುವ ಅಡ್ಮಿನ್, ಕ್ಲೌಡ್‌ನ ಕನ್ಸೋಲ್, ಎಚ್‌ಟಿಟಿಪಿಎಸ್ ಇರುವ ಒಳಗಿನ ಪುಟ, ಇಂಥದ್ದು. ಕ್ಲೌಡ್ ಮೆಷೀನ್ ಮೊದಲ ಸಲ ಏಳುವಾಗ, ಅದನ್ನು ಸಿದ್ಧ ಮಾಡುವ ಕ್ಲೌಡ್-ಇನಿಟ್ ಅನ್ನುವ ಪ್ರೋಗ್ರಾಂ ಆ ಮೆಷೀನ್‌ನ ಹೋಸ್ಟ್ ಕೀಗಳ ಫಿಂಗರ್‌ಪ್ರಿಂಟನ್ನು ಕನ್ಸೋಲ್ ಲಾಗ್‌ನಲ್ಲಿ ಅಚ್ಚು ಹಾಕುತ್ತದೆ. ಆ ಲಾಗನ್ನು ವೆಬ್ ಕಡೆಯಿಂದ ತೆರೆದು ನೋಡಬಹುದು. ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಎಸ್‌ಎಸ್‌ಎಚ್-ಕೀಸ್ಕ್ಯಾನ್ ಅಂತ ಒಂದು ಆಜ್ಞೆ ಇದೆ. ಸರ್ವರ್‌ನ ಹೋಸ್ಟ್ ಕೀಗಳನ್ನು ತಂದು ಕೊಡುತ್ತದೆ. ಅದರ ಔಟ್‌ಪುಟ್ ನೋಡಿ ಫಿಂಗರ್‌ಪ್ರಿಂಟ್ ಸರಿ ಇದೆ ಅಂತ ಸಮಾಧಾನ ಪಡುವವರಿದ್ದಾರೆ. ಅದು ತರುವುದೂ ಅದೇ ನೆಟ್‌ವರ್ಕ್ ದಾರಿಯಿಂದಲೇ. ಗೊತ್ತಿಲ್ಲದವನೊಬ್ಬ ಫೋನ್ ಮಾಡಿ “ನಾನು ನಿಮ್ಮ ಬ್ಯಾಂಕಿನವನು” ಅಂದಾಗ, “ನೀವು ನಿಜವಾಗಿ ಬ್ಯಾಂಕಿನವರಾ?” ಅಂತ ಅವನನ್ನೇ ಕೇಳಿದ ಹಾಗಾಯಿತು.

ಇನ್ನು ಕಣ್ಣಲ್ಲಿ ತಾಳೆ ನೋಡುವ ವಿಷಯ. ಇಡಿ25519 ಪಬ್ಲಿಕ್ ಕೀಯನ್ನು ಇಡಿಯಾಗಿ ನೋಡಿದರೆ, ಶುರುವಿನ ಇಪ್ಪತ್ತಕ್ಕೂ ಜಾಸ್ತಿ ಅಕ್ಷರ ಪ್ರಪಂಚದ ಎಲ್ಲ ಇಡಿ25519 ಕೀಗಳಲ್ಲೂ ಒಂದೇ ಇರುತ್ತವೆ. ಅಲ್ಲಿ ಬರೆದಿರುವುದು ಕೀಯ ಜಾತಿ ಮತ್ತು ಉದ್ದ, ಅಷ್ಟೇ. ನಾಲ್ಕು ಅಕ್ಷರ ನೋಡಿ ಸರಿ ಅನ್ನುವುದಕ್ಕೆ ಅರ್ಥವೇ ಇಲ್ಲ. ಫಿಂಗರ್‌ಪ್ರಿಂಟ್‌ನಲ್ಲೂ ಮೊದಲ ನಾಲ್ಕಕ್ಷರ ಮಾತ್ರ ನೋಡಿದರೆ ಸಾಲದು. ಒಂದೊಂದು ಅಕ್ಷರ 6 ಬಿಟ್. ನಾಲ್ಕು ಅಂದರೆ 24 ಬಿಟ್, ಸುಮಾರು 1 ಕೋಟಿ 68 ಲಕ್ಷ ಸಾಧ್ಯತೆ. ಅಷ್ಟು ಕೀ ಹುಟ್ಟಿಸಿ, ನಾಲ್ಕಕ್ಷರ ಹೊಂದುವುದನ್ನು ಹೆಕ್ಕುವುದು ಸಾಧಾರಣ ಕಂಪ್ಯೂಟರ್‌ಗೂ ದೊಡ್ಡ ಕೆಲಸ ಅಲ್ಲ. 43 ಅಕ್ಷರವೂ ಹೊಂದುವ ಇನ್ನೊಂದು ಕೀ ಮಾಡಲು ಯಾರಿಂದಲೂ ಆಗದು. ಬಹುತೇಕರು ಬಳಸುವ ಎಸ್‌ಎಸ್‌ಎಚ್ ಪ್ರೋಗ್ರಾಂ ಓಪನ್‌ಎಸ್‌ಎಸ್‌ಎಚ್‌ನ 8.0ರಿಂದ, ಅಂದರೆ 2019ರಿಂದ, ‘ಯೆಸ್’ ಬದಲು ನಿಮಗೆ ಬೇರೆ ದಾರಿಯಲ್ಲಿ ಬಂದ ಫಿಂಗರ್‌ಪ್ರಿಂಟನ್ನೇ ಅಲ್ಲಿ ಪೇಸ್ಟ್ ಮಾಡಬಹುದು. ತಾಳೆಯಾದರೆ ಮಾತ್ರ ಮುಂದೆ ಹೋಗುತ್ತದೆ. ಕಣ್ಣು ನೋಯಿಸಿಕೊಳ್ಳುವುದೇ ಬೇಡ. ನನಗೆ ಬಹಳ ಇಷ್ಟವಾದ ಬದಲಾವಣೆ ಇದು.

ಈಗ ನಿಮ್ಮ ವಿಷಯಕ್ಕೆ ಬರೋಣ. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡರಲ್ಲೂ ಎಸ್‌ಎಸ್‌ಎಚ್‌ಗೆ ಸಣ್ಣ ವಿ ಆಯ್ಕೆ ಕೊಟ್ಟು ಓಡಿಸಿ. ಬಹಳ ಸಾಲು ಬರುತ್ತವೆ, ಎರಡು ಸಾಕು. ಒಂದು, ‘ಕನೆಕ್ಟಿಂಗ್ ಟು’ ಅಂತ ಶುರುವಾಗುವ ಸಾಲು, ಅದರಲ್ಲಿ ಐಪಿ ವಿಳಾಸ ಇರುತ್ತದೆ. ಇನ್ನೊಂದು, ‘ಸರ್ವರ್ ಹೋಸ್ಟ್ ಕೀ’ ಅನ್ನುವ ಸಾಲು, ಅದರಲ್ಲಿ ಫಿಂಗರ್‌ಪ್ರಿಂಟ್. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಡೆಸ್ಕ್‌ಟಾಪ್‌ನಲ್ಲಿ ಯಾರಾದರೂ ತಪಾಸಣೆ ಆಫ್ ಮಾಡಿದ್ದಾರಾ ಅಂತಲೂ ನೋಡಿ. ದೊಡ್ಡ ಜಿ ಆಯ್ಕೆ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವ ಸೆಟ್ಟಿಂಗ್ ಎಲ್ಲ ಕಾಣುತ್ತದೆ. ಮತ್ತೆ ಅಡ್ಮಿನ್‌ಗೆ ಒಂದೇ ಪ್ರಶ್ನೆ ಕೇಳಿ: “ಭಂಡಾರದ ಹೋಸ್ಟ್ ಕೀ ಬದಲಾಯಿಸಿದ್ದೀರಾ? ಈಗಿನ ಫಿಂಗರ್‌ಪ್ರಿಂಟ್ ಏನು?” ಅವರು ಸರ್ವರ್‌ನಲ್ಲೇ ಎಸ್‌ಎಸ್‌ಎಚ್-ಕೀಗೆನ್‌ಗೆ ಸಣ್ಣ ಎಲ್ ಮತ್ತು ಎಫ್ ಆಯ್ಕೆ ಕೊಟ್ಟು, ಪಬ್ಲಿಕ್ ಹೋಸ್ಟ್ ಕೀ ಫೈಲ್ ತೋರಿಸಿದರೆ ಬರುತ್ತದೆ.

ಅಲೆಮಾರಿ_ಪ್ಯಾಕೆಟ್:

ನನ್ನದೊಂದು ಅನುಮಾನ. ನಾನು ಪಾಸ್‌ವರ್ಡ್ ಬಳಸುವುದೇ ಇಲ್ಲ, ಕೀ ಇಟ್ಟೇ ಲಾಗಿನ್ ಆಗುತ್ತೇನೆ. ಪ್ರೈವೇಟ್ ಕೀ ನನ್ನ ಮೆಷೀನ್ ಬಿಟ್ಟು ಹೋಗುವುದಿಲ್ಲ. ನಡುವೆ ಯಾರೋ ಕೂತಿದ್ದರೂ ಅವರಿಗೆ ಏನು ಸಿಗುತ್ತದೆ? ಹಾಗಿದ್ದ ಮೇಲೆ ಹೋಸ್ಟ್ ಕೀ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ಟೆಸ್ಟ್ ಮೆಷೀನ್‌ಗಳಿಗೆಲ್ಲ ಅದೇ ‘ನೋ’ ಮತ್ತು ‘ಡೆವ್ ನಲ್’ ಸಾಲುಗಳೇ ಇರುವುದು.

ಹಳೇ_ಟರ್ಮಿನಲ್:

@ಅಲೆಮಾರಿ_ಪ್ಯಾಕೆಟ್, ಒಳ್ಳೆಯ ಪ್ರಶ್ನೆ, ಅರ್ಧ ಸರಿ ಕೂಡ. ಪಾಸ್‌ವರ್ಡ್ ಆದರೆ ಸುಳ್ಳು ಸರ್ವರ್‌ಗೆ ಇಡಿಯಾಗಿ ಸಿಕ್ಕಿಬಿಡುತ್ತದೆ, ಅದನ್ನು ತೆಗೆದುಕೊಂಡು ನಿಜವಾದ ಸರ್ವರ್‌ಗೆ ಹೋಗಬಹುದು. ಕೀ ಆದರೆ ಹಾಗಲ್ಲ. ನೀವು ಹಾಕುವ ಸಹಿಯಲ್ಲಿ ಆ ಸೆಷನ್‌ನ ಗುರುತು ಸೇರಿರುತ್ತದೆ. ಅದು ಮೇಲೆ ಹೇಳಿದ ಹ್ಯಾಶ್‌ನಿಂದಲೇ ಬರುತ್ತದೆ. ಆ ಹ್ಯಾಶ್‌ನಲ್ಲಿ ಸುಳ್ಳು ಸರ್ವರ್‌ನ ಹೋಸ್ಟ್ ಕೀ ಇದೆ. ಹಾಗಾಗಿ ನಿಮ್ಮ ಸಹಿಯನ್ನು ಅವನು ನಿಜವಾದ ಸರ್ವರ್‌ಗೆ ದಾಟಿಸಲು ಆಗುವುದಿಲ್ಲ.

ಆದರೆ ಅವನು ದಾಟಿಸಲೇಬೇಕು ಅಂತ ಏನಿದೆ? “ಸರಿ, ಒಳಗೆ ಬನ್ನಿ” ಅಂದರೆ ಸಾಕು. ಸುಳ್ಳು ಸರ್ವರ್ ಯಾವ ಕೀಯನ್ನು ಬೇಕಾದರೂ ಒಪ್ಪಿಕೊಳ್ಳಬಹುದು. ಆಮೇಲೆ ನೀವು ಕಳಿಸುವ ಫೈಲುಗಳೆಲ್ಲ ಅವನಿಗೆ. ಸುಡೋಗೆ (ಅಡ್ಮಿನ್ ಅಧಿಕಾರದಲ್ಲಿ ಆಜ್ಞೆ ಓಡಿಸುವುದಕ್ಕೆ) ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಅವನಿಗೆ. ಏಜೆಂಟ್ ಫಾರ್ವರ್ಡಿಂಗ್ (ಸರ್ವರ್‌ನಿಂದಲೂ ನಿಮ್ಮ ಕೀ ಬಳಸಲು ಬಿಡುವ ಸೌಲಭ್ಯ) ಆನ್ ಇದ್ದರಂತೂ ನೀವು ಲಾಗಿನ್ ಆಗಿರುವಷ್ಟು ಹೊತ್ತು ನಿಮ್ಮ ಕೀಯಿಂದ ಬೇರೆ ಸರ್ವರ್‌ಗಳಿಗೆ ಹೋಗಬಹುದು. ಬ್ಯಾಕಪ್ ಸ್ಕ್ರಿಪ್ಟ್ ವಿಷಯದಲ್ಲಿ ಯೋಚಿಸಿ. ಅದರ ಕೆಲಸವೇ ಫೈಲು ಕಳಿಸುವುದು. ಎದುರಿಗೆ ಯಾರಿದ್ದಾರೆ ಅನ್ನುವುದೇ ಅಲ್ಲಿ ಮುಖ್ಯ.

ಆ ಎರಡು ಸಾಲುಗಳ ಬಗ್ಗೆ ಹೇಳಲೇಬೇಕು. ‘ನೋ’ ಒಂದನ್ನೇ ಹಾಕಿದ್ದರೆ, ಕೀ ಬದಲಾದಾಗ ಓಪನ್‌ಎಸ್‌ಎಸ್‌ಎಚ್ ಎಚ್ಚರಿಕೆ ತೋರಿಸಿ ಮುಂದೆ ಬಿಡುತ್ತದೆ. ಆದರೂ ಪಾಸ್‌ವರ್ಡ್ ಲಾಗಿನ್, ಏಜೆಂಟ್ ಫಾರ್ವರ್ಡಿಂಗ್, ಪೋರ್ಟ್ ಫಾರ್ವರ್ಡಿಂಗ್ ಇವುಗಳನ್ನು ತಾನಾಗಿ ನಿಲ್ಲಿಸುತ್ತದೆ. ಬರೆದವರು ಅಷ್ಟು ಯೋಚಿಸಿದ್ದಾರೆ. ‘ಡೆವ್ ನಲ್’ ಸಾಲು ಸೇರಿಸಿದ ಕೂಡಲೇ ಆ ಕಾವಲೂ ಹೋಗುತ್ತದೆ. ಯಾಕೆಂದರೆ ಹಳೇ ಕೀ ಎಲ್ಲೂ ಉಳಿದಿರುವುದಿಲ್ಲ, ಪ್ರತಿ ಸರ್ವರ್ ಪ್ರತಿ ಸಲವೂ ಹೊಸದು. ‘ಬದಲಾಗಿದೆ’ ಅನ್ನುವ ಸ್ಥಿತಿಯೇ ಬರುವುದಿಲ್ಲ. ಪಾಸ್‌ವರ್ಡ್ ಆರಾಮವಾಗಿ ಹೋಗುತ್ತದೆ. ಕಾಪಿ-ಪೇಸ್ಟ್‌ನಲ್ಲಿ ಓಡಾಡುವ ಸಲಹೆಗಳಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಜೋಡಿ ಸಾಲುಗಳ ಮೇಲೆ.

ಹತ್ತು ನಿಮಿಷ ಬದುಕಿ ಸಾಯುವ ಟೆಸ್ಟ್ ಮೆಷೀನ್, ಅದೂ ನಿಮ್ಮ ಲ್ಯಾಪ್‌ಟಾಪ್ ಒಳಗೇ ಓಡುವುದಾದರೆ ಬಳಸಿ, ಬೇಡ ಅನ್ನುವುದಿಲ್ಲ. ಆದರೆ ಕಾನ್ಫಿಗ್‌ನಲ್ಲಿ ಆ ಒಂದು ಹೋಸ್ಟ್‌ಗೆ ಮಾತ್ರ ಹಾಕಿ. ನಕ್ಷತ್ರ ಚಿಹ್ನೆ ಹಾಕಿ ಎಲ್ಲಕ್ಕೂ ಅಲ್ಲ.

ರಾತ್ರಿ_ಬ್ಯಾಕಪ್:

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೆ ಮಾಡಿದೆ, ಗೊತ್ತಾಯಿತು.

ಐಪಿ ವಿಳಾಸಗಳೇ ಬೇರೆ ಬೇರೆ! ಡೆಸ್ಕ್‌ಟಾಪ್ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳುವ ವ್ಯವಸ್ಥೆ) ಕೇಳಿ ಹೊಸ ವಿಳಾಸಕ್ಕೆ ಹೋಗುತ್ತಿದೆ. ಲ್ಯಾಪ್‌ಟಾಪ್ ಹಳೇ ವಿಳಾಸಕ್ಕೆ ಹೋಗುತ್ತಿದೆ. ಅದರ ಈಟಿಸಿ ಹೋಸ್ಟ್ಸ್ ಫೈಲಿನಲ್ಲಿ ಭಂಡಾರದ ಹೆಸರಿಗೆ ಹಳೇ ಐಪಿ ಗಟ್ಟಿಯಾಗಿ ಬರೆದಿದೆ. ಆ ಮೆಷೀನ್ ನನಗೆ ಬರುವ ಮೊದಲೇ ಇದ್ದ ಸಾಲು ಅದು. ವಿಳಾಸ ಬದಲಾಗುವವರೆಗೆ ಯಾವ ತೊಂದರೆಯೂ ಇರಲಿಲ್ಲ.

ಅಡ್ಮಿನ್‌ಗೆ ಫೋನ್ ಮಾಡಿದೆ. ಭಂಡಾರವನ್ನು ಹೊಸ ಹಾರ್ಡ್‌ವೇರ್‌ಗೆ ಹಾಕುವಾಗ ಹೋಸ್ಟ್ ಕೀಗಳನ್ನು ಹಾಗೇ ತೆಗೆದುಕೊಂಡು ಹೋಗಿದ್ದಾರಂತೆ. ಅಂದರೆ ಭಂಡಾರದ ಕೀ ಬದಲಾಗಿಯೇ ಇಲ್ಲ. ಅವರು ಸರ್ವರ್‌ನಲ್ಲೇ ನೋಡಿ ಫಿಂಗರ್‌ಪ್ರಿಂಟ್ ಓದಿದರು. ನನ್ನ 14ನೇ ಸಾಲಿಗೆ ಪೂರ್ತಿ ಹೊಂದುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಬಂದದ್ದಕ್ಕೂ ಹೊಂದುತ್ತದೆ.

ಹಳೇ ಐಪಿಯನ್ನು ಈಗ ಇನ್ನೊಂದು ತಂಡದ ಟೆಸ್ಟ್ ಮೆಷೀನ್‌ಗೆ ಕೊಟ್ಟಿದ್ದಾರೆ. ಅದರಲ್ಲಿ ನನ್ನ ಯೂಸರ್ ಇದೆ, ನನ್ನ ಪಬ್ಲಿಕ್ ಕೀ ಕೂಡ ಇದೆ, ಯಾಕೆಂದರೆ ಎಲ್ಲ ಮೆಷೀನ್‌ಗಳಿಗೂ ಒಂದೇ ಟೂಲ್ ಯೂಸರ್‌ಗಳನ್ನು ಹಾಕುತ್ತದೆ. ಹಾಗಾಗಿ 14ನೇ ಸಾಲು ಅಳಿಸಿ ಯೆಸ್ ಅಂದಿದ್ದರೆ ಲಾಗಿನ್ ಆಗಿಬಿಡುತ್ತಿತ್ತು. ಸ್ಕ್ರಿಪ್ಟ್ ರಾತ್ರಿ 2ಕ್ಕೆ ಓಡಿ ಎಲ್ಲ ಫೈಲುಗಳನ್ನೂ ಅಲ್ಲಿಗೆ ಕಳಿಸುತ್ತಿತ್ತು, ‘ಯಶಸ್ವಿ’ ಅಂತ ಲಾಗ್ ಬರೆಯುತ್ತಿತ್ತು. ಅದು ಭಂಡಾರ ಅಲ್ಲ ಅಂತ ಎಷ್ಟು ದಿನದ ಮೇಲೆ ಗೊತ್ತಾಗುತ್ತಿತ್ತೋ.

ಹೋಸ್ಟ್ಸ್ ಫೈಲಿನ ಆ ಸಾಲು ತೆಗೆದೆ. ಈಗ ಎಚ್ಚರಿಕೆ ಇಲ್ಲ, ಸ್ಕ್ರಿಪ್ಟ್ ಓಡಿತು. ನೋನ್_ಹೋಸ್ಟ್ಸ್ ಮುಟ್ಟಲೇ ಇಲ್ಲ.

ಇನ್ನೊಂದು ಪ್ರಶ್ನೆ ಕೇಳಲಾ? ಮುಂದೆ ನಿಜವಾಗಿಯೇ ಕೀ ಬದಲಾಯಿಸಿದಾಗ ನಮ್ಮಂಥವರು ಏನು ಮಾಡಬೇಕು? ಟೀಮಿನಲ್ಲಿ ಇಪ್ಪತ್ತು ಜನ ಇದ್ದೇವೆ. ಎಲ್ಲರೂ ಅಡ್ಮಿನ್‌ಗೆ ಫೋನ್ ಮಾಡುವುದಕ್ಕೆ ಆಗುತ್ತದಾ?

ಹಳೇ_ಟರ್ಮಿನಲ್:

ಓದಿ ತುಂಬಾ ಖುಷಿಯಾಯಿತು. ನಿಮ್ಮ ಟೀಮಿನವರಿಗೆ ಇದನ್ನು ಹಾಗೇ ಕಳಿಸಿ. ಕಳ್ಳ ಇದ್ದರೆ ಮಾತ್ರ ಈ ಎಚ್ಚರಿಕೆಗೆ ಬೆಲೆ ಅಂತ ಜನ ತಿಳಿದಿದ್ದಾರೆ. ಇಲ್ಲಿ ಕಳ್ಳ ಯಾರೂ ಇರಲಿಲ್ಲ. ಆದರೂ ನೀವು ಮಾತಾಡುತ್ತಿದ್ದ ಮೆಷೀನ್ ನಿಮ್ಮದಲ್ಲ ಅಂತ ಅದು ಸರಿಯಾಗಿಯೇ ಹೇಳಿತು.

ಕೀ ನಿಜವಾಗಿ ಬದಲಾಗುವುದಕ್ಕೆ ಒಳ್ಳೆಯ ಉದಾಹರಣೆ ಕೋಡ್ ಇಡುವ ತಾಣ ಗಿಟ್‌ಹಬ್. ಅವರ ಆರ್‌ಎಸ್‌ಎ ಪ್ರೈವೇಟ್ ಹೋಸ್ಟ್ ಕೀ ಸ್ವಲ್ಪ ಹೊತ್ತು ಒಂದು ಪಬ್ಲಿಕ್ ರೆಪಾಸಿಟರಿಯಲ್ಲಿ ಕಾಣುವಂತಾಗಿತ್ತು. 2023ರ ಮಾರ್ಚ್ 24ರಂದು ಅದನ್ನು ಬದಲಾಯಿಸಿದರು. ಆರ್‌ಎಸ್‌ಎ ಕೀ ಉಳಿಸಿಕೊಂಡಿದ್ದವರಿಗೆಲ್ಲ ನಿಮ್ಮ ತೆರೆಯ ಮೇಲೆ ಬಂದ ಅದೇ ಎಚ್ಚರಿಕೆ ಬಂತು. ಇಸಿಡಿಎಸ್‌ಎ, ಇಡಿ25519 ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ. ಹೊಸ ಫಿಂಗರ್‌ಪ್ರಿಂಟನ್ನು ಅವರು ತಮ್ಮ ವೆಬ್‌ಸೈಟ್‌ನಲ್ಲಿ ಹಾಕಿದರು. ಅದು ಬೇರೆ ದಾರಿ, ಎಚ್‌ಟಿಟಿಪಿಎಸ್ ದಾರಿ. ಅಲ್ಲಿ ನೋಡಿ, ಹಳೇ ಸಾಲು ತೆಗೆದು, ಹೊಸದನ್ನು ಹಾಕಿಕೊಂಡವರು ಸರಿಯಾಗಿ ಮಾಡಿದರು. ಏನೂ ನೋಡದೆ ‘ಯೆಸ್’ ಅಂದವರು ಆ ದಿನವೇ ಯಾರಾದರೂ ತಮ್ಮದೇ ಒಂದು ಕೀ ಇಟ್ಟುಕೊಂಡು ನಡುವೆ ನಿಂತಿದ್ದರೂ ‘ಯೆಸ್’ ಅನ್ನುತ್ತಿದ್ದರು.

ಇಪ್ಪತ್ತು ಜನರ ಪ್ರಶ್ನೆಗೆ ನನ್ನ ಉತ್ತರ ಹೋಸ್ಟ್ ಸರ್ಟಿಫಿಕೇಟ್. ಓಪನ್‌ಎಸ್‌ಎಸ್‌ಎಚ್‌ನಲ್ಲಿ 2010ರ 5.4ನೇ ಆವೃತ್ತಿಯಿಂದ ಇದೆ, ಆದರೂ ಬಳಸುವವರು ಕಡಿಮೆ. ಅಡ್ಮಿನ್ ಒಂದು ಸಹಿ ಹಾಕುವ ಕೀ ಮಾಡಿ ಭದ್ರವಾಗಿ ಇಟ್ಟುಕೊಳ್ಳುತ್ತಾರೆ. ಪ್ರತಿ ಸರ್ವರ್‌ನ ಪಬ್ಲಿಕ್ ಹೋಸ್ಟ್ ಕೀಗೆ ಅದರಿಂದ ಸಹಿ ಹಾಕುತ್ತಾರೆ, ಸರ್ವರ್ ಹೆಸರು ಮತ್ತು ಎಷ್ಟು ದಿನ ನಡೆಯುತ್ತದೆ ಅನ್ನುವುದನ್ನೂ ಸೇರಿಸುತ್ತಾರೆ. ನಿಮ್ಮ ನೋನ್_ಹೋಸ್ಟ್ಸ್‌ನಲ್ಲಿ ಅಟ್ ಚಿಹ್ನೆ ಹಾಕಿ ‘ಸರ್ಟ್-ಅಥಾರಿಟಿ’ ಅಂತ ಶುರುವಾಗುವ ಒಂದು ಸಾಲು ಇದ್ದರೆ ಸಾಕು. ನಾಳೆ ಸರ್ವರ್ ಸುಟ್ಟು ಹೋಗಿ ಹೊಸ ಕೀ ಬಂದರೂ, ಅದಕ್ಕೆ ಸಹಿ ಇದ್ದರೆ ಏನನ್ನೂ ಕೇಳುವುದಿಲ್ಲ. ಸಹಿ ಇಲ್ಲದೆ ಬಂದರೆ ಕೇಳುತ್ತದೆ, ಆಗ ಫೋನ್ ಮಾಡುವುದಕ್ಕೆ ಅರ್ಥ ಇದೆ. ಈ ಒಂದು ಸಾಲು ಬಂದ ಮೇಲೆ ನಾನು ನೋಡಿಕೊಳ್ಳುವ ಕಡೆ ಆ ‘ಯೆಸ್’ ಪ್ರಶ್ನೆಯೇ ನಿಂತಿದೆ. ಹಾಗಾಗಿ ಎಲ್ಲಾದರೂ ಆ ಪ್ರಶ್ನೆ ಬಂದರೆ ಜನ ನಿಜವಾಗಿ ಕೈ ತಡೆದು ಕೇಳುತ್ತಾರೆ.

ಅಷ್ಟು ಮಾಡಲು ಆಗದಿದ್ದರೆ ಇನ್ನೂ ಎರಡು ದಾರಿ ಇವೆ. ಅಡ್ಮಿನ್ ಎಲ್ಲ ಸರ್ವರ್‌ಗಳ ಕೀ ಸೇರಿಸಿ ಒಂದೇ ಫೈಲ್ ಮಾಡಿ, ಎಲ್ಲರ ಮೆಷೀನ್‌ನ ಈಟಿಸಿ ಎಸ್‌ಎಸ್‌ಎಚ್ ಫೋಲ್ಡರ್‌ಗೆ ‘ಎಸ್‌ಎಸ್‌ಎಚ್_ನೋನ್_ಹೋಸ್ಟ್ಸ್’ ಅಂತ ಹಾಕಬಹುದು. ಇಲ್ಲವೇ ಡಿಎನ್‌ಎಸ್‌ನಲ್ಲಿ ಎಸ್‌ಎಸ್‌ಎಚ್‌ಎಫ್‌ಪಿ ಅನ್ನುವ, ಫಿಂಗರ್‌ಪ್ರಿಂಟ್ ಇರುವ ದಾಖಲೆ ಹಾಕಬಹುದು, 2006ರ ಆರ್‌ಎಫ್‌ಸಿ 4255ರಲ್ಲಿ ಇದೆ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ವ್ಯವಸ್ಥೆ) ಇಲ್ಲದಿದ್ದರೆ ಇದನ್ನು ಪೂರ್ತಿ ನಂಬಬೇಡಿ, ಕೀ ತಿರುಚುವವನು ಡಿಎನ್‌ಎಸ್ ಉತ್ತರವನ್ನೂ ತಿರುಚಬಹುದು.

ನಿಮ್ಮ ಸ್ಕ್ರಿಪ್ಟ್‌ಗೆ ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ‘ಯೆಸ್’ ಇರಲಿ. ಗೊತ್ತಿರುವ ಕೀ ಅಲ್ಲದಿದ್ದರೆ ಕೇಳದೆಯೇ ನಿಲ್ಲುತ್ತದೆ. ದಿನಾ ಹೊಸ ಮೆಷೀನ್ ಹುಟ್ಟುವ ಕಡೆಗೆ ‘ಆಕ್ಸೆಪ್ಟ್-ನ್ಯೂ’ ಅಂತ ಒಂದಿದೆ, 2017ರ 7.6ರಲ್ಲಿ ಬಂತು. ಹೊಸ ಹೆಸರಾದರೆ ಸುಮ್ಮನೆ ಬರೆದುಕೊಳ್ಳುತ್ತದೆ, ಗೊತ್ತಿರುವ ಹೆಸರಿನ ಕೀ ಬದಲಾದರೆ ನಿಲ್ಲುತ್ತದೆ. @ಅಲೆಮಾರಿ_ಪ್ಯಾಕೆಟ್, ನಿಮ್ಮ ಟೆಸ್ಟ್ ಮೆಷೀನ್‌ಗಳಿಗೆ ಇದನ್ನು ನೋಡಿ.

ಕಿಟಕಿ_ಬಳಕೆದಾರ:

ವಿಂಡೋಸ್‌ನಲ್ಲಿ ಪುಟ್ಟಿ ಅನ್ನುವ ಎಸ್‌ಎಸ್‌ಎಚ್ ಪ್ರೋಗ್ರಾಂ ಬಳಸುವವರಿಗೆ ಒಂದು ಮಾತು. ಪುಟ್ಟಿ ಈ ಪಟ್ಟಿಯನ್ನು ಫೈಲಿನಲ್ಲಿ ಇಡುವುದಿಲ್ಲ, ರಿಜಿಸ್ಟ್ರಿಯಲ್ಲಿ ‘ಎಸ್‌ಎಸ್‌ಎಚ್‌ಹೋಸ್ಟ್‌ಕೀಸ್’ ಅನ್ನುವ ಕಡೆ ಇಡುತ್ತದೆ. ಮೊದಲ ಸಲ ‘ಆಕ್ಸೆಪ್ಟ್’, ‘ಕನೆಕ್ಟ್ ಒನ್ಸ್’, ‘ಕ್ಯಾನ್ಸಲ್’ ಅಂತ ಬಟನ್‌ಗಳು ಬರುತ್ತವೆ. ‘ಕನೆಕ್ಟ್ ಒನ್ಸ್’ ಅಂದರೆ ನೆನಪಿಟ್ಟುಕೊಳ್ಳುವುದಿಲ್ಲ ಅಷ್ಟೇ, ಆ ಸಲಕ್ಕೆ ನಂಬಿದ ಹಾಗೇ. ಅದನ್ನು ಸುರಕ್ಷಿತ ಅಂತ ತಿಳಿದವರನ್ನು ನೋಡಿದ್ದೇನೆ.

ಇಮೇಜ್‌ನಿಂದ (ಸಿದ್ಧ ಮೆಷೀನ್‌ನ ಪೂರ್ತಿ ನಕಲಿನಿಂದ) ಮೆಷೀನ್ ಮಾಡುವವರಿಗೂ ಒಂದು ಮಾತು. ಇಮೇಜ್ ತೆಗೆಯುವ ಮೊದಲು ಹೋಸ್ಟ್ ಕೀ ಫೈಲುಗಳನ್ನು ಅಳಿಸಿ. ಇಲ್ಲದಿದ್ದರೆ ಎಲ್ಲ ಮೆಷೀನ್‌ಗೂ ಒಂದೇ ಕೀ ಇರುತ್ತದೆ. ಒಂದರೊಳಗೆ ರೂಟ್ ಆದವನು ಉಳಿದ ಯಾವುದರ ವೇಷವನ್ನಾದರೂ ಹಾಕಬಹುದು. ರಾತ್ರಿ_ಬ್ಯಾಕಪ್ ಅವರ ಹಳೇ ಐಪಿಯಲ್ಲಿದ್ದ ಟೆಸ್ಟ್ ಮೆಷೀನ್‌ನ್ನು ಭಂಡಾರದ ಇಮೇಜ್‌ನಿಂದಲೇ ಹಾಗೆ ಮಾಡಿದ್ದಾಗಿದ್ದರೆ, ಎಚ್ಚರಿಕೆಯೇ ಬರುತ್ತಿರಲಿಲ್ಲ.

ರಾತ್ರಿ_ಬ್ಯಾಕಪ್:

ಸರ್ಟಿಫಿಕೇಟ್ ವಿಷಯ ಅಡ್ಮಿನ್‌ಗೆ ಹೇಳಿದೆ, ಆಸಕ್ತಿ ತೋರಿಸಿದರು. ‘ಸರ್ಟ್-ಅಥಾರಿಟಿ’ ಸಾಲಿನಲ್ಲಿ ಹೆಸರಿನ ಜಾಗಕ್ಕೆ ನಕ್ಷತ್ರ ಚಿಹ್ನೆ ಹಾಕಬಹುದಾ ಅಂತ ಕೇಳುತ್ತಿದ್ದಾರೆ. ಹಾಕಿದರೆ ಎಲ್ಲ ಸರ್ವರ್‌ಗೂ ಆಗುತ್ತದಲ್ಲ?

ಹಳೇ_ಟರ್ಮಿನಲ್:

ಹಾಕಬಹುದು, ಆದರೆ ಒಂಟಿ ನಕ್ಷತ್ರ ಬೇಡ. ನಕ್ಷತ್ರದ ಮುಂದೆ ಚುಕ್ಕಿ ಇಟ್ಟು ನಿಮ್ಮ ಡೊಮೇನ್ ಹೆಸರು ಹಾಕಿ. ಒಂಟಿ ನಕ್ಷತ್ರ ಹಾಕಿದರೆ ಆ ಸಹಿ ಹಾಕುವ ಕೀ ಪ್ರಪಂಚದ ಯಾವ ಸರ್ವರ್ ಹೆಸರಿಗೆ ಬೇಕಾದರೂ ಸಾಕ್ಷಿ ಹೇಳಬಹುದು ಅಂತ ನೀವೇ ಒಪ್ಪಿದ ಹಾಗಾಗುತ್ತದೆ. ಸಹಿ ಹಾಕುವಾಗ ಎಸ್‌ಎಸ್‌ಎಚ್-ಕೀಗೆನ್‌ಗೆ ಸಣ್ಣ ಎಚ್ ಆಯ್ಕೆ ಕೊಡಲು ಮರೆಯಬಾರದು. ಅದಿಲ್ಲದಿದ್ದರೆ ಹೋಸ್ಟ್ ಬದಲು ಯೂಸರ್ ಸರ್ಟಿಫಿಕೇಟ್ ಆಗುತ್ತದೆ, ಕ್ಲೈಂಟ್ ಒಪ್ಪುವುದಿಲ್ಲ. ನೀವು ಚಿಕ್ಕ ಹೆಸರಿನಲ್ಲಿ ಲಾಗಿನ್ ಆಗುವವರಾದರೆ, ಸಣ್ಣ ಎನ್ ಆಯ್ಕೆಯಲ್ಲಿ ಭಂಡಾರದ ಚಿಕ್ಕ ಹೆಸರು ಮತ್ತು ಡೊಮೇನ್ ಸೇರಿದ ಪೂರ್ತಿ ಹೆಸರು ಎರಡನ್ನೂ ಅಲ್ಪವಿರಾಮ ಇಟ್ಟು ಕೊಡಲು ಹೇಳಿ. ಆ ಚಿಕ್ಕ ಹೆಸರನ್ನು ‘ಸರ್ಟ್-ಅಥಾರಿಟಿ’ ಸಾಲಿನ ಹೆಸರುಗಳ ಜೊತೆಗೂ ಸೇರಿಸಬೇಕು.